ಎರಡು ನಿಮಿಷದ ಆಕಾಶ

ಸ್ಕಾಟ್ಲೆಂಡಿನ ಉತ್ತರಕ್ಕೆ, ಆರ್ಕ್ನಿ ಎಂಬ ದ್ವೀಪಸಮೂಹದಲ್ಲಿ, ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಎಂಬೆರಡು ಪುಟ್ಟ ದ್ವೀಪಗಳುಂಟೆಂದೂ, ಅವುಗಳ ವಿಮಾನನಿಲ್ದಾಣಗಳ ನಡುವಣ ಅಂತರವು ಕೇವಲ 2.7 ಕಿಲೋಮೀಟರೆಂದೂ, 1967ರಿಂದ ನಡೆದುಬಂದಿರುವ ಅಲ್ಲಿಯ ವಿಮಾನಯಾನಕ್ಕೆ ವೇಳಾಪಟ್ಟಿಯ ಪ್ರಕಾರ ಎರಡೇ ನಿಮಿಷವೆಂದೂ, ವಾಯುದೇವನು ಪ್ರಸನ್ನನಾದರೆ ಒಂದು ನಿಮಿಷವೂ ಬೇಡವೆಂದೂ ಮೊಮ್ಮಗನು ಓದಿ ಹೇಳಿದಾಗ, ನಾನು ಹೊಸೂರಿನ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಎಲೆಗೆ ಸುಣ್ಣ ಸವರುತ್ತಲಿದ್ದೆನು. ಅವನ ವಾಕ್ಯ ಮುಗಿಯುವಷ್ಟರಲ್ಲಿ ಆ ವಿಮಾನವು ಹಾರಿ ಇಳಿದಿರಬೇಕು. ನನ್ನ ಅಡಿಕೆಯಿನ್ನೂ ಹೋಳಾಗಿರಲಿಲ್ಲ.

ನನಗೆ ವಿಸ್ಮಯಕ್ಕಿಂತ ಮೊದಲು ಮತ್ಸರವೇ ಹುಟ್ಟಿತೆಂಬುದನ್ನು ಮುಚ್ಚಿಡಲಾರೆ. ನಮ್ಮದೇನು ವಿಮಾನ ಕಾಣದ ಊರೆ? ಸಮೀಪದ ಬೆಳಗೊಂಡಪಲ್ಲಿಯಲ್ಲಿ ಖಾಸಗಿ ಓಡುದಾರಿಯೊಂದಿದೆ. ಅದರ ಉದ್ದ ಸುಮಾರು ಏಳು ಸಾವಿರ ಅಡಿ, ಎಂದರೆ ಎರಡು ಕಿಲೋಮೀಟರಿಗೂ ತುಸು ಮಿಗಿಲು. ಆರ್ಕ್ನಿಯ ವಿಮಾನವು ಅದರ ಮೇಲೆ ನೆಲ ಬಿಡದೆ ಓಡಿದರೂ ತನ್ನ ಯಾತ್ರೆಯ ಮುಕ್ಕಾಲುಪಾಲನ್ನು ಮುಗಿಸೀತು! ಇಟಲಿಯವರ ಸಹಯೋಗದಿಂದ ಆರು ಆಸನಗಳ ಲಘುವಿಮಾನಗಳನ್ನು ಕಟ್ಟಿದ್ದೂ ಅಲ್ಲಿಯೇ. ಆದರೆ ಟಿಕೆಟು ಕೊಂಡು ಹತ್ತುವ ಭಾಗ್ಯ ಮಾತ್ರ ನಮಗಿಲ್ಲ. 2008ರಲ್ಲಿ ದೇವನಹಳ್ಳಿಯ ನಿಲ್ದಾಣವು ತೆರೆದಂದಿನಿಂದ ಇಪ್ಪತ್ತೈದು ವರ್ಷ, ಮೈಸೂರು ಹಾಸನಗಳನ್ನುಳಿದು, ಸುತ್ತಣ 150 ಕಿಲೋಮೀಟರಿನೊಳಗೆ ಮತ್ತೊಂದು ತಲೆಯೆತ್ತಕೂಡದೆಂಬುದು ಕರಾರು. ಶ್ರೀರಾಮನಿಗಾದರೂ ಹದಿನಾಲ್ಕೇ ವರ್ಷವಿತ್ತು. 2024ರ ಜೂನಿನಲ್ಲಿ ತಮಿಳುನಾಡು ಸರ್ಕಾರವು ಹೊಸೂರಿಗೆ 2000 ಎಕರೆಯ ವಿಮಾನನಿಲ್ದಾಣವನ್ನು ಘೋಷಿಸಿತು; ಅಂದಿನಿಂದ ನಮ್ಮ ನೆರೆಮನೆಯಾತನ ಬಾಯಲ್ಲಿ ಸೈಟಿನ ಬೆಲೆಯು ಹಾರಾಡುತ್ತಿದೆ.

ಹೀಗಾಗಿ, ಸೋದರಸೊಸೆಯ ಮದುವೆಗೆ ಮಂಗಳೂರಿಗೆ ಹೊರಟ ನಾನೂ ನನ್ನ ಪತ್ನಿಯೂ ದೇವನಹಳ್ಳಿಯೆಂಬ ದ್ವೀಪವನ್ನು ಬಾಡಿಗೆ ಕಾರಿನಲ್ಲಿಯೇ ಸೇರಬೇಕಾಯಿತು. ಕಾಗೆಯು ಹಾರಿದರೆ ಐವತ್ತು ಚಿಲ್ಲರೆ ಕಿಲೋಮೀಟರು, ಕಾರು ಕಾಗೆಯಲ್ಲ. ಅತ್ತಿಬೆಲೆಯಲ್ಲಿ ದಡ ಬಿಟ್ಟು, ಚಂದಾಪುರದ ಅಲೆಗಳನ್ನು ದಾಟಿ, ಸಿಲ್ಕ್ ಬೋರ್ಡಿನ ಮಹಾಸಾಗರಕ್ಕೆ ಬಂದು ಲಂಗರು ಹಾಕಿದೆವು. ಪಕ್ಕದಲ್ಲಿ ನಮ್ಮೂರಿನದೇ ಒಂದು ಗುಲಾಬಿ ಹೂವಿನ ವ್ಯಾನು ನಿಂತಿತ್ತು. ಹೊಸೂರಿನ ಗುಲಾಬಿಯು ಸಿಂಗಪುರದವರೆಗೂ ಹಾರುವ ಹೂವಾದ್ದರಿಂದ ಅದಕ್ಕೆ ಶೀತಲ ಕೋಣೆ. ನಮ್ಮ ಕಾರಿನ ಎಸಿಯಾದರೋ ಚಾಲಕನ ಆಶ್ವಾಸನೆಯಲ್ಲಿ ಮಾತ್ರ ಚಾಲನೆಯಲ್ಲಿತ್ತು. ಹೆಬ್ಬಾಳದಲ್ಲಿ ಮತ್ತೆ ಅದೇ ವ್ಯಾನು ಜೊತೆಯಾದಾಗ ನನ್ನಾಕೆಯು ಅದನ್ನು ಬಂಧುವೆಂಬಂತೆ ನೋಡಿ ನಕ್ಕಳು.

ಮದುವೆಮನೆಯಲ್ಲಿ ಬೀಗರೊಬ್ಬರು, "ವಿಮಾನದಲ್ಲಿ ಎಷ್ಟು ಹೊತ್ತಿನ ದಾರಿ?" ಎಂದು ವಿಚಾರಿಸಿದರು. "ಒಂದು ಗಂಟೆ," ಎಂದೆನು, ಕಿಂಚಿತ್ ಗರ್ವದಿಂದಲೇ.

"ಏಳು ಗಂಟೆ," ಎಂದಳು ನನ್ನಾಕೆ, ಸೀರೆಯ ಸೆರಗು ಸರಿಪಡಿಸಿಕೊಳ್ಳುತ್ತ, "ನಡುವೆ ಒಂದು ಗಂಟೆ ಸುಧಾರಿಸಿಕೊಳ್ಳಲು ಆಕಾಶದಲ್ಲಿ ಕೂರಿಸಿದ್ದರು."