ಬೀದಿಗೊಬ್ಬ ಬೇಸಣ್ಣ

ಬೇಸಣ್ಣನ ಕಾರು ಇನ್ನೂ ತಿರುವಿನಲ್ಲಿರುವಾಗಲೇ ನಮ್ಮ ಅಡುಗೆಮನೆಯ ಸ್ಟೀಲ್ ತಟ್ಟೆಗಳಿಗೆ ಸುದ್ದಿ ಮುಟ್ಟಿರುತ್ತದೆ. ಹಾಡು ಯಾವುದೆಂದು ಬೀದಿಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಅವನಿಗೂ ಅದು ಬೇಕಿಲ್ಲ. ಮೊದಲ ನಾಲ್ಕು ಹೊಡೆತ ಬಿದ್ದು, ನಂಬರ್ ಪ್ಲೇಟು ಗಿರಗಿರ ಅಂದರೆ ಸಾಕು, ಮುಂದಿನ ಹಾಡಿಗೆ ಹಾರುತ್ತಾನೆ. ಯಾವ ಹಾಡಿಗೂ ಅವನ ಕಾರಿನಲ್ಲಿ ಪಲ್ಲವಿ ಮುಗಿಸುವ ಯೋಗ ಬಂದದ್ದನ್ನು ನಾನು ಕಂಡಿಲ್ಲ.

ಹೆತ್ತವರಿಟ್ಟ ಹೆಸರು ಬೇರೆ ಇದೆ, ಅದು ಆಧಾರ್ ಕಾರ್ಡಿಗೆ ಮಾತ್ರ ಗೊತ್ತು. ಕಾರು ಸೆಕೆಂಡ್ ಹ್ಯಾಂಡ್ ಮಾರುತಿ. ಡಿಕ್ಕಿಯಲ್ಲಿ ಹನ್ನೆರಡು ಇಂಚಿನ ಸಬ್‌ವೂಫರಿನ ಪೆಟ್ಟಿಗೆ ಖಾಯಂ ಆಗಿ ಕೂತಿರುವುದರಿಂದ ಊರಿಗೆ ಹೊರಟಾಗ ಸೂಟ್‌ಕೇಸು ಹೆಂಡತಿಯ ತೊಡೆಯ ಮೇಲೆ, ತೆಂಗಿನಕಾಯಿ ಚೀಲ ತಾಯಿಯ ಕಾಲಡಿ. ಸಾಮಾನೆಲ್ಲ ಜೆ.ಸಿ. ರೋಡಿನದು. ಫಿಟ್ಟಿಂಗ್ ಮಾತ್ರ ಅಂಗಡಿ ಹುಡುಗರಿಗೆ ಬಿಡುವುದಿಲ್ಲ. "ಅವ್ರು ಕಾಟಾಚಾರಕ್ಕೆ ಮಾಡ್ತಾರೆ ಸಾರ್" ಎಂದು ಭಾನುವಾರ ಬೆಳಿಗ್ಗೆ ತಾನೇ ಡಿಕ್ಕಿಗೆ ತಲೆ ಕೊಡುತ್ತಾನೆ. ಟಾರ್ಚು ಹಿಡಿಯಲು ಬೀದಿಯ ಇಬ್ಬರು ಹುಡುಗರು, ತಪ್ಪು ಹಿಡಿಯಲು ಕೆಇಬಿಯಿಂದ ರಿಟೈರಾದ ರಾಯರು.

ಬ್ಯಾಟರಿಯಿಂದ ಬರುವ ದಪ್ಪ ವೈರಿಗೆ ಬ್ಯಾಟರಿಯ ಪಕ್ಕದಲ್ಲೇ, ಒಂದೂವರೆ ಅಡಿಯೊಳಗೆ ಫ್ಯೂಸ್ ಇರಬೇಕು. ವೈರು ಎಲ್ಲೋ ತಗಡಿಗೆ ಉಜ್ಜಿ ಶಾರ್ಟ್ ಆದರೆ ಬೆಂಕಿ ಹತ್ತದಿರಲಿ ಎಂದು. ಬೇಸಣ್ಣ ಅದನ್ನು ಡಿಕ್ಕಿಯಲ್ಲಿ ಆಂಪಿನ ಪಕ್ಕ ಹಾಕಿದ್ದಾನೆ, ಏಕೆಂದರೆ ಆ ಫ್ಯೂಸ್ ಹೋಲ್ಡರಿನಲ್ಲಿ ನೀಲಿ ಲೈಟು ಉರಿಯುತ್ತದೆ. ಬಾನೆಟ್ ಒಳಗಿದ್ದರೆ ಯಾರು ನೋಡಬೇಕು? ರಾಯರು ವೈರಿನ ತುದಿಯನ್ನು ಬ್ಲೇಡಿನಿಂದ ಕೆರೆದರು. ಮೇಲಿನ ಕೆಂಪು ಎದ್ದು ಒಳಗೆ ಬೆಳ್ಳಗೆ ಅಲ್ಯುಮಿನಿಯಂ ಕಂಡಿತು. "ತಾಮ್ರ ಅಂತ ಕೊಟ್ರೇನಪ್ಪ?" "ಫಾರಿನ್ ತಾಮ್ರ ಹಂಗೇ ಇರೋದು ಅಂಕಲ್."

ಅರ್ತ್ ಕೊಟ್ಟಿದ್ದು ಸೀಟ್ ಬೆಲ್ಟಿನ ಬೋಲ್ಟಿಗೆ, ಅದೂ ಪೇಂಟು ಕೆರೆಯದೆ. ಹಾಗಾಗಿ ಆಕ್ಸಿಲರೇಟರ್ ಒತ್ತಿದಷ್ಟೂ ಸ್ಪೀಕರಿನಲ್ಲಿ ಸೊಳ್ಳೆಯ ರಾಗ ಮೇಲೇರುತ್ತದೆ. ಅದು ಆಲ್ಟರ್ನೇಟರಿನ ಸದ್ದು ಎಂದು ರಾಯರು. "ಟರ್ಬೋ ಎಫೆಕ್ಟು" ಎಂದು ಬೇಸಣ್ಣ ಹುಡುಗರಿಗೆ ಹೇಳಿಯಾಗಿದೆ.

ಆಂಪಿನ ಡಬ್ಬದ ಮೇಲೆ 2000 ವ್ಯಾಟ್ ಎಂದು ಬೆಂಕಿ ಜ್ವಾಲೆಯ ಚಿತ್ರದೊಂದಿಗೆ ಅಚ್ಚಾಗಿದೆ. ರಾಯರು ಕನ್ನಡಕ ಏರಿಸಿ ಆಂಪಿನ ಬದಿಯ ಫ್ಯೂಸ್ ನೋಡಿದರು: 30 ಆಂಪಿಯರ್. "ಎಂಜಿನ್ ಓಡ್ತಿರುವಾಗ 14 ವೋಲ್ಟ್ ಹಿಡಿ. ಹದಿನಾಲ್ಕು ಮೂವತ್ಲಿ ನಾನೂರಿಪ್ಪತ್ತು. ಒಳಗೆ ಹೋಗೋದೇ 420 ವ್ಯಾಟು, ಹೊರಗೆ 2000 ಎಲ್ಲಿಂದ ಬರುತ್ತೆ?" ಬೇಸಣ್ಣ ಅನುಕಂಪದಿಂದ ನಕ್ಕ. "ನಿಮ್ದು ಕೆಇಬಿ ಲೆಕ್ಕ ಅಂಕಲ್. ಇದು ಮ್ಯೂಸಿಕ್ ವ್ಯಾಟು."

ಹೇಗೋ ಒಂದು ಸಬ್ಬಿನಲ್ಲಿ ಸಂಸಾರ ನಡೆದಿತ್ತು. ಅದರಲ್ಲಿ 4 ಓಮಿನ ಎರಡು ಕಾಯಿಲು. ಪ್ಯಾರಲಲ್ ಕೊಟ್ಟರೆ 2 ಓಮು, ಆ ಆಂಪು ತಡೆಯುವುದೂ ಅಷ್ಟೇ. ಸಂಕ್ರಾಂತಿಗೆ ಎರಡನೇ ಸಬ್ಬು ಬಂತು. ಒಂದೊಂದರ ಕಾಯಿಲುಗಳನ್ನು ಸೀರೀಸಿನಲ್ಲಿ ಜೋಡಿಸಿ 8 ಓಮು ಮಾಡಿಕೊಂಡು, ಎರಡು ಸಬ್ಬನ್ನೂ ಪ್ಯಾರಲಲ್ ಮಾಡಿದ್ದರೆ 4 ಓಮು, ಆಂಪು ನೂರು ಕಾಲ ಬಾಳುತ್ತಿತ್ತು. ಆದರೆ ಓಮು ಹೆಚ್ಚಿದರೆ ವ್ಯಾಟು ಇಳಿಯುತ್ತದೆ. ವ್ಯಾಟು ಇಳಿಯುವ ಮಾತನ್ನು ಬೇಸಣ್ಣನ ಮುಂದೆ ಆಡುವಂತಿಲ್ಲ. ನಾಲ್ಕು ಕಾಯಿಲನ್ನೂ ಒಟ್ಟಿಗೆ ಪ್ಯಾರಲಲ್ ಬಿಗಿದ. ಲೋಡು 1 ಓಮಿಗೆ ಇಳಿಯಿತು. ಎರಡು ಹೊಡೆತ ಬಿತ್ತು, ನಮ್ಮನೆ ಲೋಟವೊಂದು ಉರುಳಿತು, ಆಂಪು ಕೆಂಪು ಲೈಟು ಹಾಕಿಕೊಂಡು ಮೌನವಾಯಿತು.

ಆ ಕೆಂಪು ಲೈಟಿನ ಅರ್ಥ ಪ್ರೊಟೆಕ್ಷನ್. ಬೀದಿಯಲ್ಲಿ ಬುದ್ಧಿವಂತಿಕೆಯಿಂದ ನಡೆದುಕೊಂಡಿದ್ದು ಅದೊಂದೇ ವಸ್ತು ಎಂಬುದು ನನ್ನ ಅಭಿಪ್ರಾಯ. ಬೇಸಣ್ಣ ಮಾತ್ರ "ಲೂಸ್ ಕಾಂಟ್ಯಾಕ್ಟು" ಎಂದು ವೈರು ಅಲ್ಲಾಡಿಸಿದ. ಆಫ್ ಮಾಡಿ ಆನ್ ಮಾಡಿದ. ಮನೆಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು, ತಾಯಿಯ ಟೇಬಲ್ ಫ್ಯಾನನ್ನು ಡಿಕ್ಕಿಗೆ ಹಿಡಿದ. ಫ್ಯೂಸು ಹೋಯಿತು. "ಫ್ಯೂಸು ವೀಕು ಗುರೂ" ಎಂದು 40ರದ್ದು ಹಾಕಿದ. ಈ ಸಲ ಲೈಟೂ ಇಲ್ಲ, ಸದ್ದೂ ಇಲ್ಲ. ಸುಟ್ಟ ವಾಸನೆ ಮಾತ್ರ ಕಾಂಪೌಂಡ್ ದಾಟಿ ಬಂತು.

ರಿಪೇರಿಗೆ ಎಸ್.ಪಿ. ರೋಡಿಗೆ ನಾನೂ ಜೊತೆಗೆ ಹೋಗಿದ್ದೆ. ಕೂಲಿಂಗ್ ಪ್ಲೇಟಿಗೆ ಸಾಲಾಗಿ ಅಂಟಿದ ಕರಿ ಮಾಸ್‌ಫೆಟ್‌ಗಳಲ್ಲಿ ಎರಡು ಹೊಟ್ಟೆ ಒಡೆದುಕೊಂಡಿದ್ದವು. ರಿಪೇರಿಯವನು ಮೀಟರಿನ ಕಡ್ಡಿ ಇಟ್ಟ ಕಡೆಯಲ್ಲೆಲ್ಲ ಬೀಪ್ ಎಂದಿತು.

"ಏನ್ ಲೋಡ್ ಹಾಕಿದ್ರಿ ಸಾರ್?"

"ಏನಿಲ್ಲಪ್ಪ, ಒಂದೇ ಸಬ್ಬು. ನಿಧಾನಕ್ಕೆ ಭಕ್ತಿಗೀತೆ ಕೇಳ್ತಿದ್ವಿ."

ರಿಪೇರಿಯವನು ನನ್ನ ಮುಖ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. "ಇಡೀ ಸಾಲೇ ಬದಲಾಯಿಸ್ಬೇಕು. ಒಂದೆರಡು ಹಾಕಿದ್ರೆ ಮತ್ತೆ ಹೋಗುತ್ತೆ. ಗ್ಯಾರಂಟಿ ಇಲ್ಲ" ಎಂದ.

ವಾಪಸು ಬರುವಾಗ ಕಾರಿನಲ್ಲಿ ಅಪರೂಪದ ನಿಶ್ಶಬ್ದ. ಬೇಸಣ್ಣನ ಮುಖದಲ್ಲಿ ದುಃಖ ಹುಡುಕಿದೆ, ಇರಲಿಲ್ಲ. ಸೆಟ್ಟು ಸರಿಯಾಗಿದ್ದಾಗ ಅವನಿಗೆ ಕೈ ಖಾಲಿ ಖಾಲಿ. ಈಗ ಒಂದು ತಿಂಗಳಿಗಾಗುವಷ್ಟು ಕೆಲಸ ಸಿಕ್ಕಿತ್ತು. ಸಂಜೆ ಗೇಟಿನ ಹತ್ತಿರ ಹೆಂಡತಿಗೆ ವಿವರಿಸುತ್ತಿದ್ದ: 1 ಓಮಿಗೂ ನಿಲ್ಲುವ ಮಾನೋ ಆಂಪು ಸಿಗುತ್ತದೆ, ಕರೆಂಟು ಜಾಸ್ತಿ ಎಳೆಯುತ್ತದೆ, ಹೊಡೆತ ಬಿದ್ದಾಗಲೆಲ್ಲ ಹೆಡ್‌ಲೈಟು ಮಂಕಾಗಬಹುದು, ಅದಕ್ಕೆ ಇನ್ನೊಂದು ಬ್ಯಾಟರಿ ಹಾಕಿದರಾಯಿತು.

"ಎಲ್ಲಿಡ್ತೀರಿ ರೀ ಅದನ್ನ?"

"ಹಿಂದಿನ ಸೀಟು ಸುಮ್ನೆ ಇದೆಯಲ್ಲ."

"ಅಲ್ಲಿ ನಿಮ್ಮಮ್ಮ ಕೂತ್ಕೋತಾರೆ."

ಬೇಸಣ್ಣ ಟೇಪು ತಂದು ಸೀಟಿನ ಅಳತೆ ತೆಗೆಯತೊಡಗಿದ. "ಅಮ್ಮ ಎಷ್ಟು ಜಾಗ ಹಿಡೀತಾರೆ, ಸ್ವಲ್ಪ ಕರಿ."