ಕ್ಲಚ್ ಪ್ಲೇಟಿಗೆ ಎರಡು ರೇಟು

ಆಳಂದ ತಾಲ್ಲೂಕಿನ ಮಟಕಿಯಂಥ ಊರಲ್ಲಿ ಗಾಡಿ ಮಾರುವ ಕಾಕಾ ಒಬ್ಬರಾದರೂ ಇದ್ದೇ ಇರುತ್ತಾರೆ. ಮಾರಿದ್ದನ್ನು ಕಂಡವರು ಯಾರೂ ಇಲ್ಲ.

ಕಾಕಾರ ಹತ್ತಿರ 2012ರ ಬಿಳಿ ಬೊಲೆರೊ ಇದೆ. ಕಲಬುರಗಿ ತೊಗರಿಗೆ 2019ರಲ್ಲೇ ಭೌಗೋಳಿಕ ಸೂಚಿಕೆಯ ಮಾನ ಸಿಕ್ಕಿತು. ಆ ತೊಗರಿ ಚೀಲ ಹೇರಿಕೊಂಡು ಎರೆಮಣ್ಣಿನ ಕೆಸರಲ್ಲಿ ಅರ್ಧ ಕ್ಲಚ್ ಮೇಲೆ ಎಳೆದಾಡಿದ ಬೊಲೆರೊಕ್ಕೆ ಸಿಕ್ಕಿದ್ದು ಸವೆದ ಪ್ಲೇಟು. ಎಕ್ಸಿಲೇಟರ್ ತುಳಿದರೆ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಸಾವಕಾಶ ಹೋಗುತ್ತದೆ. ಫಸ್ಟಿನಿಂದ ರಿವರ್ಸಿಗೆ ಹಾಕಿದರೆ ಕೆಳಗೆ ‘ಟಕ್’ ಅನ್ನುತ್ತದೆ. ಅದು ಶಾಫ್ಟಿನ ಕ್ರಾಸು. ಗೇರ್‌ಬಾಕ್ಸ್ ಇಳಿಸಿ ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗು, ಜೊತೆಗೆ ಕ್ರಾಸೂ ಹಾಕಿ, ಮಜೂರಿ ಸೇರಿ 14 ಸಾವಿರ ಎಂದು ಆಳಂದದ ಮಿಸ್ತ್ರಿ ಚೀಟಿ ಬರೆದುಕೊಟ್ಟಿದ್ದಾನೆ. ಆ ಚೀಟಿ ಅಂಗಿಯ ಕಿಸೆಯಲ್ಲೇ ಇದೆ. ಚಹಾದಂಗಡಿಯಲ್ಲಿ ಸಿಕ್ಕವರಿಗೆಲ್ಲ ಒಂದೇ ಪ್ರಶ್ನೆ: “ಮಾಡ್ಸಿ ಮಾರ್ಲೇನು, ಹಂಗೇ ಮಾರ್ಲೇನು?”

ಮಾಡಿಸ್ರಿ ಅಂದರೆ, “ನಾ 14 ಸಾವಿರ ಹಾಕಿ, ಹೊಸಾ ಕ್ಲಚ್‌ನ್ಯಾಗ ಅಂವ ಮಜಾ ಹೊಡೀಲೇನು?” ಹಂಗೇ ಮಾರ್ರಿ ಅಂದರೆ, “ಹಂಗ ಒಯ್ದ್ರ ಜನ ನೂರು ತಪ್ಪು ತಗೀತಾರ.” ಗೇರ್‌ಬಾಕ್ಸಿಗೆ ಗರಗಸದ ಹೊಟ್ಟು ತುಂಬಿ ಸಪ್ಪಳ ಅಡಗಿಸ್ರಿ ಎಂದ ಶಾಣ್ಯಾನಿಗೆ, “ಶರಣಬಸಪ್ಪ ಮ್ಯಾಲಿಂದ ನೋಡ್ತಾನ” ಎಂದು ಕೈಮುಗಿದರು. ಅಕ್ಕಲಕೋಟದಿಂದ ಗಿರಾಕಿ ಬಂದಾಗ ಫಾರಂ 28 ಅಡ್ಡ ಬಂತು: “ಮಹಾರಾಷ್ಟ್ರಕ್ಕ ಒಯ್ಯಾದಂದ್ರ ಆರ್‌ಟಿಒದಾಗ ಎನ್‌ಒಸಿ ತಗೀಬೇಕು. ಕಲಬುರಗಿಗಿ ಯಾರು ತಿರಗಾಡ್ಬೇಕ್ರಿ?” 2027ಕ್ಕೆ 15 ವರ್ಷ ತುಂಬಿ, ಫಿಟ್‌ನೆಸ್ ಮಾಡಿಸಿ ಆರ್‌ಸಿ ನವೀಕರಿಸಬೇಕು ಎಂದು ನೆನಪಿಸಿದರೆ, “ತೊಗರಿ ರಾಶಿ ಆಗ್ಲಿ ತಗೀರಿ” ಎಂದು ಇನ್ನೊಂದು ಚಹಾ ಹೇಳುತ್ತಾರೆ.

ಇದೇ ಕಾಕಾ ಮತ್ತೊಬ್ಬರಿಗೆ ಗಾಡಿ ಕೊಡಿಸಲು ಹೋದಾಗ ನೋಡಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಕ್ಲಚ್ ನಿಧಾನ ಬಿಡುತ್ತಾರೆ. ಇಂಜಿನ್ ಗಪ್ಪನೆ ಬಂದಾದರೆ ಪ್ಲೇಟು ಚಲೋ. ಬಂದಾಗದೆ ನಡೆದೇ ಇದ್ದರೆ, ಸತ್ತ ಮನೆಗೆ ಮಾತಾಡಿಸಲು ಬಂದವರ ಹಾಗೆ ಮುಖ ಮಾಡಿ ಕೆಳಗಿಳಿಯುತ್ತಾರೆ. “ಗೇರ್‌ಬಾಕ್ಸ್ ಇಳೀಬೇಕು. ಒಳಗ ಏನೇನು ಅದನೋ ಯಾರು ಬಲ್ಲರು? 40 ಸಾವಿರ ಇಳಸ್ರಿ.” ತಮ್ಮ ಗಾಡಿಯ ಮಾತು ಬಂದರೆ ಅದೇ ಕ್ಲಚ್ಚು “ಅರ್ಧ ದಿನದ ಸಣ್ಣ ಕೆಲಸ್ರೀ.”

ಮಾರುವವನ ಲೆಕ್ಕ ಮಿಸ್ತ್ರಿಯ ಚೀಟಿಯಲ್ಲಿರುತ್ತದೆ, ಕೊಳ್ಳುವವನ ಲೆಕ್ಕ ಅಂಜಿಕೆಯಲ್ಲಿ. ಚೀಟಿ ತೋರಿಸಿ ಚೌಕಾಸಿಗೆ ಕೂತರೆ ಮಾತು 14 ಸಾವಿರದ ಸುತ್ತಲೇ ತಿರುಗುತ್ತದೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಅಂಜಿಕೆಗೂ ರೇಟು ಕಟ್ಟಬೇಕು. ಊರಿಗೆಲ್ಲ ಈ ಪಾಠ ಹೇಳಿಕೊಟ್ಟವರೇ ಕಾಕಾ.

ಪಾಠ ಕಲಿತ ಓಣಿಯ ಹುಡುಗನೊಬ್ಬ ಮೊನ್ನೆ ಕಾಕಾರ ಬೊಲೆರೊಕ್ಕೇ ಗಿರಾಕಿಯಾಗಿ ಬಂದ. ಹ್ಯಾಂಡ್‌ಬ್ರೇಕ್ ಎಳೆದ. ಮೂರನೇ ಗೇರು. ಕ್ಲಚ್ ಬಿಟ್ಟ. ಇಂಜಿನ್ ಆರಾಮಾಗಿ ನಡೆದೇ ಇತ್ತು. ಹುಡುಗ ಇಳಿದು, ಮುಖ ಸಣ್ಣದು ಮಾಡಿ ಅಂದ: “ಗೇರ್‌ಬಾಕ್ಸ್ ಇಳೀಬೇಕು ಕಾಕಾ. ಒಳಗ ಏನೇನು ಅದನೋ ಯಾರು ಬಲ್ಲರು? 40 ಸಾವಿರ ಇಳಸ್ರಿ.”

ಕಟ್ಟೆಯ ಮೇಲಿದ್ದವರು ಜಗಳಕ್ಕೆ ಕಾದರು. ಕಾಕಾರ ಎದೆ ಮಾತ್ರ ಉಬ್ಬಿಹೋಗಿತ್ತು.

“ಶಾಣ್ಯಾ ಆದಿ ತಮ್ಮಾ! ಆದ್ರ ರಿವರ್ಸ್ ಹಾಕಿ ನೋಡ್ಲೇ ಇಲ್ಲಲ್ಲ? ಟಕ್ ಅಂತದ, ಕೇಳು. ಬಗ್ಗಿ ಹಿಂದಿನ ಹೌಸಿಂಗ್ ನೋಡು, ಆಯಿಲ್ ಸೋರ್ಲಿಕತ್ಯಾದ. 40 ಯಾಕ ಕೇಳ್ತಿ ಹುಚ್ಚಪ್ಪಾ, 50 ಕೇಳು!”