37ನೆಯ ಕಲಮಿನ ಜಾತಕ

ಡೊಂಬಿವಲಿಯ ಹೋಟೆಲೊಂದರ ಗಲ್ಲಾ ನೋಡಿಕೊಳ್ಳುವ ಕುಂದಾಪುರದ ತಂದೆಯೊಬ್ಬರು, ಮಗ ನವಿಮುಂಬಯಿಯ ತಳೋಜಾ ಕಾರಾಗೃಹ ಸೇರಿ ನಾಲ್ಕನೆಯ ವರ್ಷ ನಡೆಯುತ್ತಿದ್ದರೂ ಒಬ್ಬ ಸಾಕ್ಷಿಯ ವಿಚಾರಣೆಯೂ ಆಗದಿದ್ದುದರಿಂದ, ಕಲ್ಯಾಣದ ನ್ಯಾಯಾಲಯದ ಜಗಲಿಯಲ್ಲಿ ವಕೀಲರನ್ನು ಹಿಡಿದು ಜಾಮೀನಿನ ಮಾತೆತ್ತಿದರು.

“ಮಾದಕ ವಸ್ತುಗಳ 1985ರ ಕಾಯ್ದೆಯ 37ನೆಯ ಕಲಮು ಬಹಳ ಉದಾರವಾದದ್ದು, ಶೆಟ್ಟರೇ. ಸಿಕ್ಕ ಮಾಲು ವಾಣಿಜ್ಯ ಪ್ರಮಾಣದ್ದಾದರೆ, ಎಂದರೆ ‘ಎಂಡಿ’ ಎನ್ನುವ ಮೆಫೆಡ್ರೋನ್ 50 ಗ್ರಾಂ, ಗಾಂಜಾ 20 ಕಿಲೋ ಮೀರಿದರೆ, ಆರೋಪಿ ನಿರಪರಾಧಿಯೆಂದು ನಂಬಲು ಕಾರಣವಿದೆಯೆಂದೂ ಹೊರಬಂದು ಅಪರಾಧವೆಸಗಲಾರನೆಂದೂ ನ್ಯಾಯಾಧೀಶರಿಗೆ ಮನವರಿಕೆಯಾದರೆ ಸಾಕು.”

“ವಿಚಾರಣೆಗೆ ಮೊದಲೇ ತೀರ್ಪು, ಮೇಲೊಂದು ಜಾತಕವೂ ಬೇಕೆನ್ನಿ.”

“ಜಾತಕ ಬರೆಯುವವರಿಗೆ ಹುಟ್ಟಿದ ಗಳಿಗೆಯಾದರೂ ಗೊತ್ತಿರುತ್ತದೆ.”

“ವಿಚಾರಣೆಯನ್ನೇ ಬೇಗ ಮುಗಿಸಬಾರದೇ, ವಕೀಲರೇ?”

“ಪಂಚರು, ಎಂದರೆ ಜಪ್ತಿಗೆ ಸಾಕ್ಷಿಯಾಗಿ ರುಜು ಹಾಕಿದವರು, ಬಂದ ದಿನ ಆರೋಪಿಯನ್ನು ಕರೆತರಲು ಬೆಂಗಾವಲು ಪೊಲೀಸರಿರುವುದಿಲ್ಲ, ಬೆಂಗಾವಲು ಸಿಕ್ಕ ದಿನ ಪಂಚರಿಗೆ ಊರಿನಲ್ಲಿ ಮದುವೆಯಿರುತ್ತದೆ, ಇಬ್ಬರೂ ಕೂಡಿಬಂದ ದಿನ ನ್ಯಾಯಾಧೀಶರಿಗೆ ವರ್ಗವಾಗಿರುತ್ತದೆ. ತಪ್ಪು ಯಾರದೂ ಅಲ್ಲವೆಂಬುದಕ್ಕೆ ಮುದ್ದತಿನ ಹಾಳೆಯೇ ಸಾಕ್ಷಿ.”

“ಸುಪ್ರೀಂ ಕೋರ್ಟು ಏನನ್ನುತ್ತದೆ?”

“ಏಳು ವರ್ಷಕ್ಕೂ ಮೇಲೆ ಒಳಗಿದ್ದ ದೆಹಲಿಯ ಆರೋಪಿಯೊಬ್ಬನಿಗೆ 2023ರ ಮಾರ್ಚಿನಲ್ಲಿ ಜಾಮೀನು ಕೊಡುತ್ತ, ವಿಚಾರಣೆ ಅನುಚಿತವಾಗಿ ವಿಳಂಬಿಸಿದಾಗ 37ನೆಯ ಕಲಮು ಬಿಡುಗಡೆಗೆ ಅಡ್ಡಿಯಲ್ಲವೆಂದಿದೆ.”

“ಹಾಗಾದರೆ ಇಂದೇ ಅರ್ಜಿ ಹಾಕಿ.”

“ಅವಸರ ಬೇಡ, ಶೆಟ್ಟರೇ. ಎಷ್ಟು ವರ್ಷವಾದರೆ ವಿಳಂಬವೆಂದು ಕಲಮಿನಲ್ಲಿ ಬರೆದಿಲ್ಲವಾದ್ದರಿಂದ, ಹುಡುಗ ಇನ್ನೆರಡು ವರ್ಷ ಒಳಗೇ ಇದ್ದರೆ ಹೊರಬರುವ ಅರ್ಜಿಗೆ ಒಳ್ಳೆಯ ಬಲ ಬರುತ್ತದೆ.”